ಹೊಳೆಯ ನೀರಿನಿಂದ ಹಿಮದ ಗಾಳಿಯವರೆಗೆ

ಜ್ಯೂರಿಕ್ ನಗರದ ಹಳೆಯ ರಾಟ್‌ಹೌಸ್, ಅಂದರೆ ಆಡಳಿತ ಸಭೆಯ ಭವನ, ಲಿಮ್ಮಾಟ್ ಹೊಳೆಯೊಳಕ್ಕೇ ಕಾಲಿಟ್ಟು ನಿಂತಿದೆ. 1694ರಿಂದ 1698ರವರೆಗೆ ಕಟ್ಟಿದ ಈ ಕಟ್ಟಡದ ಬುಡ ಸವರಿಕೊಂಡೇ ನೀರು ಹರಿಯುತ್ತದೆ. ಚಳಿಗಾಲದಲ್ಲಿ ಒಳಗೆ ಕೂತು ಕಾನೂನು ಚರ್ಚಿಸುವವರನ್ನು ಬೆಚ್ಚಗಿಡುತ್ತಿದ್ದದ್ದು ಸೌದೆ ಒಲೆಗಳು. 1938ರಲ್ಲಿ ಆ ಒಲೆಗಳು ಆರಿದವು. ಅವುಗಳ ಬದಲಿಗೆ ಅದೇ ಊರಿನ ಎಷರ್ ವಿಸ್ ಕಂಪನಿ ಒಂದು ಯಂತ್ರ ತಂದು ಕೂರಿಸಿತು. ಅದರಲ್ಲಿ ಬೆಂಕಿ ಇರಲಿಲ್ಲ, ಹೊಗೆ ಇರಲಿಲ್ಲ. ಕೈಯದ್ದಿದರೆ ಮರಗಟ್ಟುವಂಥ ಹೊಳೆನೀರಿನಿಂದ ಶಾಖ ಹೀರಿಕೊಂಡು, 60 ಡಿಗ್ರಿ ಸೆಲ್ಸಿಯಸ್ ಬಿಸಿನೀರು ಮಾಡಿ ಸಭಾಂಗಣದ ಕೊಳವೆಗಳಿಗೆ ಕಳಿಸುತ್ತಿತ್ತು. ಅದರ ಶಕ್ತಿ ಸುಮಾರು 100 ಕಿಲೋವಾಟ್. ಬೇಸಿಗೆಯಲ್ಲಿ ಅದನ್ನೇ ತಿರುಗುಮುರುಗು ಮಾಡಿ ಭವನವನ್ನು ತಂಪಾಗಿಡಲೂ ಬರುತ್ತಿತ್ತು. ಕೊರೆಯುವ ದಿನಗಳಿಗೆಂದು ಬಿಸಿನೀರಿನ ತೊಟ್ಟಿಯನ್ನೂ ವಿದ್ಯುತ್ತಿನ ಬೆಂಬಲವನ್ನೂ ಜೊತೆಗಿಟ್ಟಿದ್ದರು. 2001ರಲ್ಲಿ ಹೊಸ ಯಂತ್ರ ಬರುವವರೆಗೆ, 63 ವರ್ಷ ಅದು ದುಡಿಯಿತು.

ಈಗ ನಾವು ಹೀಟ್ ಪಂಪ್ ಎನ್ನುವ ಯಂತ್ರ ಇದೇ. ಯುರೋಪು, ಅಮೆರಿಕ, ಜಪಾನುಗಳಲ್ಲಿ ಮನೆ ಕಾಯಿಸುವ ಮಾತು ಬಂದರೆ ಈ ಹೆಸರೂ ಬರುತ್ತದೆ, ಹಿಂದೆಯೇ ಒಂದು ಪ್ರಶ್ನೆಯೂ ಬರುತ್ತದೆ: ಹೊರಗೆ ಮೈನಸ್ 20 ಡಿಗ್ರಿ ಇರುವಾಗ ಆ ಗಾಳಿಯಲ್ಲಿ ಹೀರಿಕೊಳ್ಳಲು ಶಾಖವಾದರೂ ಎಲ್ಲಿರುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಕಥೆ ನೂರೆಪ್ಪತ್ತು ವರ್ಷಕ್ಕೂ ಹಳೆಯದು. ಅದರಲ್ಲಿ ವಿಜ್ಞಾನದ ಪಾಲು ಎಷ್ಟಿದೆಯೋ ಕಲ್ಲಿದ್ದಲು, ಎಣ್ಣೆ, ಯುದ್ಧಗಳ ಪಾಲೂ ಅಷ್ಟೇ ಇದೆ.

ತತ್ತ್ವ ಸರಳ. ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟರೆ ಬಿಸಿ ತಾಕುತ್ತದೆ. ಒಳಗಿನ ಹಾಲು ತರಕಾರಿಯಿಂದ ಕಿತ್ತುಕೊಂಡ ಶಾಖ ಅದು. ಹೀಟ್ ಪಂಪ್ ಮಾಡುವುದೂ ಇದನ್ನೇ. ತೀರ ಕಡಿಮೆ ಉಷ್ಣತೆಯಲ್ಲಿ ಕುದಿಯುವ ಒಂದು ದ್ರವವನ್ನು ಹೊರಗಿನ ಕೊಳವೆಯಲ್ಲಿ ಹರಿಯಬಿಡುತ್ತಾರೆ. ಹೊರಗಿನ ಗಾಳಿ ನಮಗೆ ಎಷ್ಟೇ ತಣ್ಣಗಿದ್ದರೂ ಆ ದ್ರವಕ್ಕಿಂತ ಬೆಚ್ಚಗಿರುತ್ತದೆ, ಹಾಗಾಗಿ ದ್ರವ ಕುದಿದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಅದುಮಿ ಬಿಸಿ ಮಾಡುತ್ತದೆ. ಬಿಸಿಯಾದ ಆವಿ ಮನೆಯೊಳಗಿನ ಕೊಳವೆಯಲ್ಲಿ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ವಿದ್ಯುತ್ ಖರ್ಚಾಗುವುದು ಅದುಮುವ ಕೆಲಸಕ್ಕೆ. ಶಾಖದ ದೊಡ್ಡ ಪಾಲು ಹೊರಗಿನಿಂದ ಪುಕ್ಕಟೆ ಬರುತ್ತದೆ. ಮೈನಸ್ 20 ಡಿಗ್ರಿ ಎಂದರೂ ಪರಮ ಶೂನ್ಯಕ್ಕಿಂತ 253 ಡಿಗ್ರಿ ಮೇಲೆ. ಅಲ್ಲಿ ಶಾಖಕ್ಕೆ ಬರವಿಲ್ಲ. ಅದನ್ನು ಮೇಲೆತ್ತುವ ಶ್ರಮ ಎಷ್ಟೆಂಬುದೇ ಲೆಕ್ಕ.

ಆ ಲೆಕ್ಕದ ಬುನಾದಿ ಹಾಕಿದವನು ಫ್ರಾನ್ಸಿನ ಸಾಡಿ ಕಾರ್ನೋ, 1824ರಲ್ಲಿ. ಅದನ್ನು ಕಟ್ಟಡ ಕಾಯಿಸುವುದಕ್ಕೆ ಹೊಂದಿಸಬಹುದೆಂದು 1852ರಲ್ಲಿ ಬರೆದು ತೋರಿಸಿದವನು ಗ್ಲಾಸ್ಗೋದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು. ಕಲ್ಲಿದ್ದಲನ್ನು ನೇರವಾಗಿ ಒಲೆಯಲ್ಲಿ ಸುಡುವ ಬದಲು ಅದರಿಂದ ಯಂತ್ರ ಓಡಿಸಿ, ಆ ಯಂತ್ರದಿಂದ ಹೊರಗಿನ ಗಾಳಿಯ ಶಾಖವನ್ನು ಒಳಕ್ಕೆ ತಂದರೆ ಇಂಧನ ಎಷ್ಟೋ ಉಳಿಯುತ್ತದೆ ಎಂಬುದು ಅವನ ವಾದ. ವಾದ ಸರಿಯಾಗಿತ್ತು. ಕೇಳುವವರಿರಲಿಲ್ಲ. ಅಂದಿನ ಬ್ರಿಟನ್ನಿನ ನೆಲದಡಿಯಲ್ಲಿ ಕಲ್ಲಿದ್ದಲು ಬೇಕಾದಷ್ಟಿತ್ತು.

ಯಂತ್ರ ಮೊದಲು ಕೈಗೂಡಿದ್ದು ಇಂಧನದ ಚಿಂತೆ ಇದ್ದ ಕಡೆ. ಆಸ್ಟ್ರಿಯದ ಎಬೆನ್‌ಸೇ ಊರಿನಲ್ಲಿ ಉಪ್ಪುನೀರನ್ನು ದೊಡ್ಡ ಬಾಣಲೆಗಳಲ್ಲಿ ಕುದಿಸಿ ಉಪ್ಪು ತೆಗೆಯುತ್ತಿದ್ದರು. ಅದಕ್ಕೆ ಬೇಕಾದ ಸೌದೆ ಬೆಟ್ಟಗಳನ್ನೇ ಬೋಳಿಸುತ್ತಿತ್ತು. ಗಣಿ ಇಂಜಿನಿಯರ್ ಪೀಟರ್ ಫಾನ್ ರಿಟ್ಟಿಂಗರ್ ಆ ಬಾಣಲೆಗಳಿಂದ ಏಳುವ ಹಬೆಯನ್ನು ಕಂಡು, ಇಷ್ಟು ಶಾಖ ಗಾಳಿಪಾಲಾಗುತ್ತಿದೆಯಲ್ಲ ಎಂದು ಲೆಕ್ಕ ಹಾಕಿದ. ಹಬೆಯನ್ನು ಹಿಡಿದು ಅದುಮಿದರೆ ಅದರ ಉಷ್ಣತೆ ಏರುತ್ತದೆ. ಏರಿದ ಆ ಶಾಖವನ್ನೇ ಮತ್ತೆ ಬಾಣಲೆಗೆ ಕೊಡಬಹುದು. ಅದುಮುವುದಕ್ಕೆ ನೀರಿನ ಬಲ ಸಾಕು. 1855ರಲ್ಲಿ ಇದನ್ನು ಪುಸ್ತಕವಾಗಿ ಬರೆದ, ಮುಂದಿನ ಎರಡು ವರ್ಷಗಳಲ್ಲಿ ಯಂತ್ರ ಕಟ್ಟಿಯೂ ನೋಡಿದ. ಹರಳುಗಟ್ಟುವ ಉಪ್ಪು ಕಾಟ ಕೊಟ್ಟಿತು, ಯಂತ್ರ ಎಡೆಬಿಡದೆ ಓಡಲಿಲ್ಲ. ಆದರೆ ಅವನ ದಾರಿ ಸರಿಯೆಂದು 1877ರಲ್ಲಿ ಸ್ವಿಟ್ಜರ್ಲೆಂಡಿನ ಬೆಕ್ಸ್ ಉಪ್ಪಿನ ಕಾರ್ಖಾನೆ ಸಾಧಿಸಿ ತೋರಿಸಿತು. ಅಲ್ಲಿಯ ಯಂತ್ರ ನಿಜವಾಗಿಯೂ ಉಪ್ಪು ತೆಗೆಯಿತು.

ಸ್ವಿಟ್ಜರ್ಲೆಂಡಿನ ಹೆಸರು ಈ ಕಥೆಯಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಕಾರಣವಿದೆ. ಆ ದೇಶದಲ್ಲಿ ಹೇಳಿಕೊಳ್ಳುವಂಥ ಕಲ್ಲಿದ್ದಲಿಲ್ಲ, ಎಣ್ಣೆ ಇಲ್ಲ. ಇರುವುದು ಬೆಟ್ಟ, ಬೆಟ್ಟದಿಂದ ಧುಮುಕುವ ನೀರು, ಆ ನೀರಿನಿಂದ ಬರುವ ವಿದ್ಯುತ್ತು. ವಿದ್ಯುತ್ತನ್ನು ತಂತಿ ಸುರುಳಿಯಲ್ಲಿ ಹರಿಸಿ ಮನೆ ಕಾಯಿಸಿದರೆ ಒಂದು ಯೂನಿಟ್ಟಿಗೆ ಒಂದೇ ಯೂನಿಟ್ ಶಾಖ; ಹೀಟ್ ಪಂಪಿಗೆ ಕೊಟ್ಟರೆ ಎರಡೋ ಮೂರೋ. ಜೊತೆಗೆ ಎಷರ್ ವಿಸ್, ಸುಲ್ಜರ್, ಬ್ರೌನ್ ಬೋವೆರಿಯಂಥ ಕಂಪನಿಗಳಲ್ಲಿ ಕಂಪ್ರೆಸರ್, ಟರ್ಬೈನ್ ಮಾಡಿ ಪಳಗಿದ ಕೈಗಳಿದ್ದವು. ರಾಟ್‌ಹೌಸಿನ ಯಂತ್ರ ಓಡತೊಡಗಿದ ಮರುವರ್ಷವೇ ಎರಡನೆಯ ಮಹಾಯುದ್ಧ ಶುರುವಾಯಿತು. ಕಲ್ಲಿದ್ದಲಿಗೆ ನೆರೆಯ ಜರ್ಮನಿಯ ಮರ್ಜಿ ಕಾಯಬೇಕಾಯಿತು, ಮನೆ ಕಾಯಿಸುವ ಇಂಧನಕ್ಕೆ ರೇಷನ್ ಬಂತು. ಜ್ಯೂರಿಕ್ ಸರೋವರದ ಪಕ್ಕದಲ್ಲಿ, ಊರ ಹಬ್ಬ ನಡೆಯುವ ಮೈದಾನವನ್ನೇ ಉತ್ತು ಬೆಳೆ ಬೆಳೆದ ಕಾಲ ಅದು. ಇಂಥ ಹೊತ್ತಿನಲ್ಲಿ ಹೊಳೆ, ಕೆರೆ, ಬಾವಿಗಳ ನೀರಿನಿಂದ ಶಾಖ ತೆಗೆಯುವ ವಿದ್ಯೆ ಸಂಶೋಧಕರ ಖಯಾಲಿಯಾಗಿ ಉಳಿಯಲಿಲ್ಲ. ಊರಿನ ಈಜುಕೊಳಕ್ಕೆ ಹೀಟ್ ಪಂಪ್ ಬಂತು. ಲಿಮ್ಮಾಟ್ ದಡದ ವಾಲ್ಷೆ ಎಂಬಲ್ಲಿ ಎದ್ದ ದೊಡ್ಡ ಸ್ಥಾವರ ತಾಂತ್ರಿಕ ವಿಶ್ವವಿದ್ಯಾಲಯದ ಕಡೆಗೆ ಸುಮಾರು 6 ಮೆಗಾವಾಟ್ ಶಾಖ ಕಳಿಸತೊಡಗಿತು. 1938ರಿಂದ 1945ರೊಳಗೆ ಆ ಪುಟ್ಟ ದೇಶದಲ್ಲಿ 35 ಹೀಟ್ ಪಂಪುಗಳು ಕೆಲಸಕ್ಕೆ ನಿಂತವು.

ಇವುಗಳಲ್ಲಿ ಹೆಚ್ಚಿನವು ನೀರನ್ನೇ ನೆಚ್ಚಿಕೊಂಡಿದ್ದವು ಎಂಬುದು ಗಮನಿಸಬೇಕಾದ ಮಾತು. ಚಳಿಗಾಲದ ಗಾಳಿ ಮೈನಸ್ 10, 15 ಡಿಗ್ರಿಗೆ ಇಳಿದರೂ ಹರಿಯುವ ನೀರು ಸೊನ್ನೆಗಿಂತ ಕೆಳಗಿಳಿಯದು. ಒಂದು ಘನ ಮೀಟರ್ ನೀರಿನಲ್ಲಿ ಅಷ್ಟೇ ಗಾಳಿಗಿಂತ ಸಾವಿರಾರು ಪಟ್ಟು ಶಾಖ ಅಡಗಿರುತ್ತದೆ. ಅಂದಿನ ಇಂಜಿನಿಯರುಗಳು ಜಾಣರು. ಗೆಲ್ಲುವ ಕಡೆ ಆಡಿದರು.

ಗಾಳಿಯ ಕಡೆ ಕೈಚಾಚಿದವನೊಬ್ಬ ಅದಕ್ಕೂ ಮೊದಲೇ ಇದ್ದ. 1920ರ ದಶಕದ ಕೊನೆಯಲ್ಲಿ ಸ್ಕಾಟ್‌ಲೆಂಡಿನ ತನ್ನ ಮನೆಯಲ್ಲಿ ಗ್ರೇಮ್ ಹಾಲ್ಡೇನ್ ಎಂಬ ವಿದ್ಯುತ್ ಇಂಜಿನಿಯರ್ ಹೊರಗಿನ ಗಾಳಿಯಿಂದ ಶಾಖ ತೆಗೆದು ಮನೆ ಕಾಯಿಸಿ, ಅಳತೆಗಳನ್ನೆಲ್ಲ 1930ರಲ್ಲಿ ಲಂಡನ್ನಿನ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯ ಮುಂದಿಟ್ಟ. ಭಾರತದ ಪ್ರಜೆಯಾಗಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಇವನ ದೊಡ್ಡಪ್ಪನ ಮಗ. ಗ್ರೇಮ್ ಹಾಲ್ಡೇನನ ಪ್ರಬಂಧವನ್ನು ಮೆಚ್ಚಿದವರಿದ್ದರು, ಆದರೆ ಅವನ ದೇಶ ಅದನ್ನು ಅನುಸರಿಸಲಿಲ್ಲ.

ಅನುಸರಿಸಿದ ಒಬ್ಬನೆಂದರೆ ಇಂಗ್ಲೆಂಡಿನ ನಾರಿಚ್ ಊರಿನ ವಿದ್ಯುತ್ ಇಲಾಖೆಯ ಇಂಜಿನಿಯರ್ ಜಾನ್ ಸಮ್ನರ್. 1945ರಲ್ಲಿ, ಹೊಸ ಯಂತ್ರಭಾಗ ಸಿಗುವುದೇ ಕಷ್ಟವಿದ್ದ ದಿನಗಳಲ್ಲಿ, ಸಿಕ್ಕ ಹಳೆಯ ಭಾಗಗಳನ್ನೆಲ್ಲ ಜೋಡಿಸಿ ಡ್ಯೂಕ್ ಸ್ಟ್ರೀಟಿನ ಇಲಾಖೆ ಕಟ್ಟಡಕ್ಕೆ ವೆನ್ಸಮ್ ಹೊಳೆಯ ಶಾಖ ಏರಿಸಿದ. ಕೊಳವೆಯೊಳಗೆ ಅವನು ಹರಿಸಿದ್ದು ಸಲ್ಫರ್ ಡೈಆಕ್ಸೈಡ್. ಅದು ಸಾಮಾನ್ಯ ಒತ್ತಡದಲ್ಲಿ ಮೈನಸ್ 10 ಡಿಗ್ರಿಗೆ ಕುದಿಯುವ, ಸೋರಿದರೆ ಮೂಗು ಗಂಟಲು ಸುಡುವ ವಸ್ತು. ಹೊಳೆನೀರಿಗೆ ಅದು ಸಾಕು. ಮೈನಸ್ 20 ಡಿಗ್ರಿಯ ಗಾಳಿಗೆ ಆಗಿಬರದು. ಅವನ ಯಂತ್ರ ತನಗೆ ಕೊಟ್ಟ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 3.45 ಯೂನಿಟ್ ಶಾಖ ಮರಳಿಸಿತು. ಇಂದಿನ ಒಳ್ಳೆಯ ಯಂತ್ರದ ಪಕ್ಕ ಇಟ್ಟರೂ ನಾಚಬೇಕಿಲ್ಲದ ಅಂಕಿ ಇದು. 1947ರ ಚಳಿಗಾಲದಲ್ಲಿ ಹಿಮಕ್ಕೆ ಸಿಕ್ಕಿದ ಕಲ್ಲಿದ್ದಲು ಗಣಿಯಿಂದ ಊರಿಗೆ ಬಾರದೆ ಇಡೀ ಬ್ರಿಟನ್ ನಡುಗಿತು. ಆಗಲಾದರೂ ಸಮ್ನರನ ಮಾತು ಸರ್ಕಾರದ ಕಿವಿಗೆ ಬೀಳಬೇಕಿತ್ತು. 1951ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿಗೆ ಥೇಮ್ಸ್ ನದಿಯಿಂದ ಶಾಖ ತೆಗೆಯುವ ಒಂದು ಯಂತ್ರವೇನೋ ಬಂತು. ಅದಕ್ಕೆ ಬಲ ಕೊಟ್ಟದ್ದು ಯುದ್ಧವಿಮಾನಗಳಿಗೆಂದು ಮಾಡಿದ ಮರ್ಲಿನ್ ಇಂಜಿನ್ನುಗಳು. ಸಭಾಂಗಣಕ್ಕೆ ಬೇಕಾದ್ದಕ್ಕಿಂತ ಅದು ಬಹಳ ದೊಡ್ಡದಾಯಿತು, ಕೆಲವು ವರ್ಷಗಳಲ್ಲಿ ಮೂಲೆ ಸೇರಿತು.

ಆಮೇಲೆ ಅರಬ್ ದೇಶಗಳ ಎಣ್ಣೆ ಬಂತು. ಎಷ್ಟು ಅಗ್ಗವೆಂದರೆ, ಹೊಳೆಗೆ ಕೊಳವೆ ಹಾಕುವ ಗೋಜು ಯಾರಿಗೂ ಬೇಡವಾಯಿತು. ನೆಲಮಾಳಿಗೆಯಲ್ಲಿ ಒಂದು ಟ್ಯಾಂಕು, ಒಂದು ಬಾಯ್ಲರ್, ವರ್ಷಕ್ಕೆ ಕೆಲವು ಸಲ ಬರುವ ಲಾರಿ, ಮನೆ ಬೆಚ್ಚಗಾಯಿತು. ಈ ಚರಿತ್ರೆಯನ್ನು ಓದುತ್ತ ಹೋದಷ್ಟೂ ನನಗೆ ಮನದಟ್ಟಾದದ್ದು ಇದು: ಹೀಟ್ ಪಂಪಿನ ಕಾಲಿಗೆ ತೊಡರಾದದ್ದು ಚಳಿಗಿಂತ ಹೆಚ್ಚಾಗಿ ಅಗ್ಗದ ಇಂಧನ. ಇಪ್ಪತ್ತೈದು ಮೂವತ್ತು ವರ್ಷ ಆ ವಿದ್ಯೆಗೆ ಹಣ ಹಾಕುವವರಿಲ್ಲದೆ ಹೋಯಿತು. ಅಷ್ಟು ಕಾಲ ಚಿಮಣಿಗಳಿಂದ ಏರಿದ ಹೊಗೆಯ ಲೆಕ್ಕವನ್ನು ಈಗಿನ ತಲೆಮಾರು ತೀರಿಸುತ್ತಿದೆ.

1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ನಂತರ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಮೂರ್ನಾಲ್ಕು ಪಟ್ಟಾಯಿತು. ಬಿಸಿ ಜೋರಾಗಿ ತಟ್ಟಿದ ದೇಶಗಳಲ್ಲಿ ಸ್ವೀಡನ್ ಒಂದು. ಅದರ ಒಟ್ಟು ಶಕ್ತಿಯ ಮುಕ್ಕಾಲು ಪಾಲು ಆಗ ಎಣ್ಣೆಯಿಂದಲೇ ಬರುತ್ತಿತ್ತು, ಚಳಿಗಾಲವೋ ಅರ್ಧ ವರ್ಷದ್ದು. ಸ್ವೀಡನ್ನಿನವರು ನೀರಿನ ಜೊತೆಗೆ ನೆಲವನ್ನೂ ಹಿಡಿದರು. ಅಲ್ಲಿ ಮಣ್ಣಿನ ಪದರ ತೆಳು, ಕೆಳಗೆ ಗಟ್ಟಿ ಬಂಡೆ. ಬೋರ್‌ವೆಲ್ ಕೊರೆದ ಹಾಗೆ ಬಂಡೆಯಲ್ಲಿ ನೂರಾರು ಮೀಟರ್ ಕೊರೆದು, ಹೆಪ್ಪುಗಟ್ಟದ ದ್ರವ ತುಂಬಿದ ಕೊಳವೆ ಇಳಿಬಿಟ್ಟರೆ, ಮೇಲೆ ಎಂಥ ಹಿಮ ಬಿದ್ದರೂ ಆಳದ ಉಷ್ಣತೆ ಕದಲುವುದಿಲ್ಲ. ಸ್ಟಾಕ್‌ಹೋಮಿನ ರೋಪ್‌ಸ್ಟೆನ್‌ನಲ್ಲಿ 1980ರ ದಶಕದ ನಡುವಿನಲ್ಲಿ ನಿಂತ ಸ್ಥಾವರದ ಗಾತ್ರವಂತೂ ಬೆರಗು ಹುಟ್ಟಿಸುವಂಥದ್ದು. ಸಮುದ್ರದ ಮೇಲ್ಮೈ ಹೆಪ್ಪುಗಟ್ಟಿರುವಾಗ 15 ಮೀಟರ್ ಆಳದಿಂದ, ಸುಮಾರು 3 ಡಿಗ್ರಿಯ ನೀರನ್ನು ಎಳೆದುಕೊಂಡು, ಅದರಿಂದ 180 ಮೆಗಾವಾಟ್ ಶಾಖ ತೆಗೆದು ಊರಿನ ಬಿಸಿನೀರಿನ ಜಾಲಕ್ಕೆ ಸೇರಿಸುತ್ತದೆ.

1986ರಲ್ಲಿ ಎಣ್ಣೆ ಬೆಲೆ ಬಿದ್ದಾಗ ಯುರೋಪಿನ ಹೀಟ್ ಪಂಪ್ ವ್ಯಾಪಾರ ಮತ್ತೊಮ್ಮೆ ನೆಲಕಚ್ಚಿತು. ಅವಸರದಲ್ಲಿ ಮಾಡಿದ ಯಂತ್ರಗಳು, ಅರೆಬರೆ ಕಲಿತವರು ಕೂರಿಸಿದ ಯಂತ್ರಗಳು ಕೈಕೊಟ್ಟು ಕೆಟ್ಟ ಹೆಸರೂ ಬಂದಿತ್ತು. ಸ್ವೀಡನ್ ಸರ್ಕಾರ ಈ ಸಲ ಸುಮ್ಮನೆ ಕೂರಲಿಲ್ಲ, ಸಬ್ಸಿಡಿಯನ್ನಷ್ಟೇ ನಂಬಲೂ ಇಲ್ಲ. ನ್ಯೂಟೆಕ್ ಎಂಬ ಅದರ ಸಂಸ್ಥೆ 1990ರ ದಶಕದ ಮೊದಲ ಭಾಗದಲ್ಲಿ ತಯಾರಕರಿಗೆ ಒಂದು ಸ್ಪರ್ಧೆ ಇಟ್ಟಿತು. ಈಗಿರುವುದಕ್ಕಿಂತ ನೂರಕ್ಕೆ 30 ಪಾಲು ಹೆಚ್ಚು ದಕ್ಷತೆ, 30 ಪಾಲು ಕಡಿಮೆ ಬೆಲೆ. ಮಾಡಿಕೊಟ್ಟವರಿಗೆ ಕೊಳ್ಳುವವರು ಮೊದಲೇ ಸಿದ್ಧ. ಎರಡು ಕಂಪನಿಗಳು ಗೆದ್ದವು. ಮನೆಯಂಗಳದ ಕೊರೆಬಾವಿಯ ಹೀಟ್ ಪಂಪ್ ಸ್ವೀಡನ್ನಿನಲ್ಲಿ ಮನೆಮಾತಾದದ್ದು ಅಲ್ಲಿಂದಾಚೆಗೆ. ಒಂದು ಸರ್ಕಾರ ತನಗೇನು ಬೇಕೆಂದು ತಿಳಿದು, ಅದನ್ನು ಅಂಕಿಯಲ್ಲಿ ಬರೆದು ಕೇಳಿದ್ದರ ಫಲ ಇದು. ನನ್ನ ಎಣಿಕೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಈ ಕಥೆಯಲ್ಲಿಲ್ಲ.

ಆದರೂ ಹೊಳೆ ಎಲ್ಲರ ಮನೆ ಪಕ್ಕ ಹರಿಯುವುದಿಲ್ಲ, ಬಂಡೆ ಕೊರೆಸುವ ದುಡ್ಡೂ ಎಲ್ಲರಲ್ಲಿಲ್ಲ. ಗಾಳಿ ಎಲ್ಲ ಕಡೆ ಇದೆ. ಹಾಗಾದರೆ ತೊಡಕೇನಿತ್ತು?

ಮೊದಲ ತೊಡಕು ಕಾರ್ನೋನ ಲೆಕ್ಕದ್ದೇ. ಹೊರಗೆ ಸೊನ್ನೆ ಡಿಗ್ರಿ ಇದ್ದು, ಮನೆಯ ನೆಲದಡಿಯ ಕೊಳವೆಗೆ 35 ಡಿಗ್ರಿಯ ನೀರು ಸಾಕಾದರೆ, ಲೆಕ್ಕದ ಗರಿಷ್ಠ ಮಿತಿ ಒಂದು ಯೂನಿಟ್ ವಿದ್ಯುತ್ತಿಗೆ 8.8 ಯೂನಿಟ್ ಶಾಖ. ಹೊರಗೆ ಮೈನಸ್ 20 ಇದ್ದು, ಹಳೆಯ ಕಬ್ಬಿಣದ ರೇಡಿಯೇಟರಿಗೆ 60 ಡಿಗ್ರಿಯ ನೀರು ಬೇಕಾದರೆ ಅದು ಒಂದಕ್ಕೆ 4.2. ನಿಜದ ಯಂತ್ರ ಮುಟ್ಟುವುದು ಇದರ ಅರ್ಧಕ್ಕೆ, ಹಲವು ಸಲ ಅದಕ್ಕೂ ಕಡಿಮೆಗೆ. ಹಾಗಾಗಿ ಕೊರೆಯುವ ಚಳಿಯಲ್ಲಿ ಹೀಟ್ ಪಂಪ್ ಗೆಲ್ಲುವುದು ಮನೆಯ ಗೋಡೆ, ಕಿಟಕಿ, ಛಾವಣಿ ಶಾಖ ಸೋರದಂತೆ ಇದ್ದಾಗ. ಎರಡನೆಯದು ಆವಿಯ ತೊಡಕು. ಮೈನಸ್ 20ರಲ್ಲಿ ಕುದಿದ ಆವಿ ಬಹಳ ತೆಳು. ಕಂಪ್ರೆಸರ್ ಒಂದು ಸುತ್ತಿಗೆ ನುಂಗುವ ಆವಿಯ ತೂಕ ಇಳಿದುಬಿಡುತ್ತದೆ. ಮನೆಗೆ ಹೆಚ್ಚು ಶಾಖ ಬೇಕಾದ ಹೊತ್ತಿನಲ್ಲೇ ಯಂತ್ರದ ಬಲ ಕುಗ್ಗುತ್ತದೆ. ಬಹಳ ಎತ್ತರಕ್ಕೆ ಅದುಮಬೇಕಾದ್ದರಿಂದ ಕಂಪ್ರೆಸರ್ ಕಾದು, ಒಳಗಿನ ಎಣ್ಣೆ ಕೆಡುತ್ತದೆ. ಮೂರನೆಯದು ಹೊರಗಿನ ಕೊಳವೆಯ ಮೇಲೆ ಕಟ್ಟುವ ಹಿಮ. ಇದು ಅತಿ ಹೆಚ್ಚು ಕಾಡುವುದು ತೀವ್ರ ಚಳಿಯಲ್ಲಿ ಎಂದುಕೊಳ್ಳುತ್ತೇವೆ. ಹಾಗಿಲ್ಲ. ಮೈನಸ್ 20ರ ಗಾಳಿ ಒಣಗಾಳಿ, ಅದರಲ್ಲಿ ತೇವವೇ ಕಡಿಮೆ. ಸೊನ್ನೆಯ ಆಸುಪಾಸಿನ ಹಸಿ ದಿನಗಳಲ್ಲೇ ಕೊಳವೆಗೆ ಹಿಮ ಮೆತ್ತಿಕೊಂಡು, ಯಂತ್ರ ಆಗಾಗ ದಿಕ್ಕು ತಿರುಗಿಸಿ ಮನೆಯ ಶಾಖವನ್ನೇ ಹೊರಗೆ ಕಳಿಸಿ ಅದನ್ನು ಕರಗಿಸಬೇಕಾಗುತ್ತದೆ.

ಈ ಗಂಟುಗಳನ್ನು ಬಿಡಿಸಿದ ಶ್ರೇಯಸ್ಸಿನ ದೊಡ್ಡ ಪಾಲು ಜಪಾನಿಗೆ ಸಲ್ಲಬೇಕು. 1980ರ ಹೊತ್ತಿಗೆ ತೋಷಿಬಾ ಕಂಪನಿ ಇನ್ವರ್ಟರ್ ಏ.ಸಿ. ತಂದಿತು. ಅಲ್ಲಿಯವರೆಗೆ ಕಂಪ್ರೆಸರಿಗೆ ಗೊತ್ತಿದ್ದದ್ದು ಓಡುವುದು, ನಿಲ್ಲುವುದು ಎರಡೇ. ಈಗ ಬೇಕಾದಷ್ಟೇ ವೇಗದಲ್ಲಿ ಓಡತೊಡಗಿತು, ಚಳಿ ಹೆಚ್ಚಾದಾಗ ವೇಗ ಏರಿಸಿಕೊಂಡಿತು. ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪ ಸೀಮೆಎಣ್ಣೆ ಸ್ಟೋವುಗಳ ಸೀಮೆ. ಅಲ್ಲಿಯ ಅಸಾಹಿಕಾವಾ ಊರಿನಲ್ಲಿ 1902ರಲ್ಲಿ ಮೈನಸ್ 41 ಡಿಗ್ರಿ ದಾಖಲಾಗಿತ್ತು. ಅಂಥ ಸೀಮೆಗಳಿಗೆಂದೇ ಮಿತ್ಸುಬಿಷಿ ಎಲೆಕ್ಟ್ರಿಕ್ 2007ರ ಸುಮಾರಿಗೆ ಝುಬಾದಾನ್ ಎಂಬ ಯಂತ್ರ ಹೊರತಂದಿತು. ಅದುಮುವ ಕೆಲಸ ಅರ್ಧ ಆಗಿರುವಾಗಲೇ ಕಂಪ್ರೆಸರಿನೊಳಗೆ ಇನ್ನಷ್ಟು ಆವಿಯನ್ನೂ ದ್ರವವನ್ನೂ ಬೆರೆಸಿ ಚುಚ್ಚುವುದು ಅದರ ಉಪಾಯ. ಇದರಿಂದ ಕಂಪ್ರೆಸರಿನ ಕಾವು ತಗ್ಗಿತು, ತೂಕದ ಕೊರತೆಯೂ ತುಂಬಿತು. ಮೈನಸ್ 15ರವರೆಗೆ ಯಂತ್ರದ ಬಲ ಕುಗ್ಗಲಿಲ್ಲ. ಮೈನಸ್ 25ರಲ್ಲೂ ಅದು ಓಡಿತು. ನಂತರ ಬೇರೆ ಕಂಪನಿಗಳೂ ಇದೇ ಬಗೆಯ ದಾರಿ ಹಿಡಿದವು.

ಕೊಳವೆಯೊಳಗಿನ ದ್ರವವೂ ಬದಲಾಯಿತು. ರಾಟ್‌ಹೌಸಿನ ಯಂತ್ರದಲ್ಲಿದ್ದ ಆರ್-12 ಓಝೋನ್ ಪದರ ತಿನ್ನುತ್ತದೆಂದು ಗೊತ್ತಾಗಿ, 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಬಾಗಿಲು ಹಾಕಿತು. ಹೊಸ ರಾಸಾಯನಿಕಕ್ಕೆ ಎಲ್ಲರೂ ತಡಕಾಡುತ್ತಿದ್ದಾಗ ನಾರ್ವೆಯ ಟ್ರೊಂಡ್‌ಹೈಮಿನ ಪ್ರಾಧ್ಯಾಪಕ ಗುಸ್ತಾವ್ ಲೊರೆಂಟ್ಸೆನ್, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಜನ ಮರೆತೇಬಿಟ್ಟಿದ್ದ ಇಂಗಾಲದ ಡೈಆಕ್ಸೈಡನ್ನು ಮತ್ತೆ ಮುಂದಕ್ಕೆ ತಂದರು. ಅದಕ್ಕೆ ವಿಪರೀತ ಒತ್ತಡ ಬೇಕು, ಗಟ್ಟಿ ಕೊಳವೆ ಬೇಕು. ಆದರೆ ತೀವ್ರ ಚಳಿಯಲ್ಲೂ ತೆಳುವಾಗದೆ ದುಡಿಯುವ ವಸ್ತು. 1995ರಲ್ಲಿ ಅವರು ತೀರಿಕೊಂಡರು. 2001ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ, ಅದೇ ಅನಿಲದ ಬಿಸಿನೀರಿನ ಯಂತ್ರವನ್ನು ಅವರು ನೋಡಲಾಗಲಿಲ್ಲ.

ಇಷ್ಟು ವಿದ್ಯೆ ಕೈಗೆ ಬಂದಮೇಲೂ ಜನರನ್ನು ತಳ್ಳಿದ್ದು ಮತ್ತೆ ಕೊರತೆಯೇ. ನಾರ್ವೆಯ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಜಲಾಶಯಗಳದು, ಮನೆಗಳನ್ನು ಕಾಯಿಸುತ್ತಿದ್ದದ್ದೂ ವಿದ್ಯುತ್ ಹೀಟರುಗಳೇ. 2002ರ ಶರತ್ಕಾಲದಲ್ಲಿ ಮಳೆ ಕೈಕೊಟ್ಟಿತು, ಜಲಾಶಯಗಳು ಇಳಿದವು, ಆ ಚಳಿಗಾಲದ ಬಿಲ್ಲು ನೋಡಿ ಜನ ಕಂಗಾಲಾದರು. 2003ರಲ್ಲಿ ಸರ್ಕಾರ ಹೀಟ್ ಪಂಪಿಗೆ ಸಹಾಯಧನ ಕೊಟ್ಟಿತು, ಗೋಡೆಗೆ ನೇತುಹಾಕುವ ಯಂತ್ರಗಳು ಊರೂರಿಗೆ ಹಬ್ಬಿದವು. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯ ಮನೆ ಕಾಯಿಸಲು ಎಣ್ಣೆಯನ್ನು ಬಹಳವಾಗಿ ನೆಚ್ಚಿಕೊಂಡಿದ್ದ ನಾಡು. 2025ರೊಳಗೆ ಒಂದು ಲಕ್ಷ ಹೀಟ್ ಪಂಪ್ ಎಂದು 2019ರಲ್ಲಿ ಗುರಿ ಇಟ್ಟುಕೊಂಡು, ಎರಡು ವರ್ಷ ಮೊದಲೇ, 2023ರಲ್ಲಿ ಅದನ್ನು ಮುಟ್ಟಿತು.

ಎಲ್ಲೆಗಳು ಇಲ್ಲವೆಂದಲ್ಲ. 2024ರ ಜನವರಿ ಮೊದಲ ವಾರ ಉತ್ತರ ಸ್ವೀಡನ್ನಿನಲ್ಲಿ ಮೈನಸ್ 43.6 ಡಿಗ್ರಿ, ಫಿನ್‌ಲೆಂಡಿನ ಎನೊಂಟೆಕಿಯೊದಲ್ಲಿ ಮೈನಸ್ 44.3 ಡಿಗ್ರಿ ದಾಖಲಾಯಿತು. ಅಂಥ ದಿನ ಗಾಳಿಯ ಹೀಟ್ ಪಂಪನ್ನು ಆರಿಸಿ ಸೌದೆ ಒಲೆ ಹೊತ್ತಿಸುವುದು ಅಲ್ಲಿಯವರ ರೂಢಿ, ಅದರಲ್ಲಿ ಅವಮಾನವೇನಿಲ್ಲ. ಜನವರಿ 5ರ ಸಂಜೆ ಫಿನ್‌ಲೆಂಡಿನಲ್ಲಿ ಸಗಟು ದರಕ್ಕೆ ಕೊಂಡವರಿಗೆ ಒಂದು ಯೂನಿಟ್ ವಿದ್ಯುತ್ತು ತೆರಿಗೆ ಸೇರಿ 2 ಯೂರೋ ದಾಟಿತು. ಜನ ಸೌನಾ ಎಂಬ ಉಗಿಸ್ನಾನದ ಕೋಣೆ ಕಾಯಿಸುವುದನ್ನು, ಬಟ್ಟೆ ಒಗೆಯುವುದನ್ನು ಮುಂದಕ್ಕೆ ಹಾಕಿದರು. ವಿದ್ಯುತ್ ಜಾಲ ಕುಸಿಯಲಿಲ್ಲ. ಇಡೀ ದೇಶವೇ ವಿದ್ಯುತ್ತಿನಿಂದ ಮನೆ ಕಾಯಿಸಹೊರಟರೆ, ವರ್ಷದ ಆ ನಾಲ್ಕೈದು ದಿನಗಳಿಗೆ ಎಷ್ಟು ಶಕ್ತಿ ಕೂಡಿಟ್ಟಿರಬೇಕೆಂಬ ಪ್ರಶ್ನೆಯ ಮೇಲೆ ಅಲ್ಲಿಯ ಇಂಜಿನಿಯರುಗಳು ಈಗ ತಲೆ ಕೆಡಿಸಿಕೊಂಡಿದ್ದಾರೆ.

ಹೆಲ್ಸಿಂಕಿ ನಗರ ಅದಕ್ಕೊಂದು ಉತ್ತರ ಕಟ್ಟುತ್ತಿದೆ. ಕಾತ್ರಿ ವಾಲಾ ಉದ್ಯಾನದ ಅಡಿಯ ಸುರಂಗದಲ್ಲಿ, ಶುದ್ಧೀಕರಿಸಿದ ಕೊಳಚೆ ನೀರಿನಿಂದ ಶಾಖ ತೆಗೆಯುವ ಯಂತ್ರಗಳು 2006ರಿಂದಲೂ ಓಡುತ್ತಿವೆ. 2025ರ ಏಪ್ರಿಲ್ ಒಂದರಂದು ಊರಿನ ಕೊನೆಯ ಕಲ್ಲಿದ್ದಲು ಸ್ಥಾವರ ಸಾಲ್ಮಿಸಾರಿ ಮುಚ್ಚಿತು. ಪಾಟೋಲಾ ಎಂಬ ಬಡಾವಣೆಯಲ್ಲಿ ಏಳುತ್ತಿರುವ ಹೊಸ ಸ್ಥಾವರ ಲೊರೆಂಟ್ಸೆನ್ ಎತ್ತಿಹಿಡಿದ ಇಂಗಾಲದ ಡೈಆಕ್ಸೈಡನ್ನೇ ಕೊಳವೆಯಲ್ಲಿ ಹರಿಸಿ, ಬರಿಯ ಗಾಳಿಯಿಂದ, ಮೈನಸ್ 20 ಡಿಗ್ರಿಯವರೆಗೂ ಸಾವಿರಾರು ಮನೆಗಳಿಗೆ ಶಾಖ ಕೊಡಬೇಕೆಂದು ರೂಪಿಸಿದ್ದು. ಅದಕ್ಕಿಂತ ಕೆಳಗಿಳಿಯುವ ದಿನಗಳಿಗೆಂದು ಪಕ್ಕದಲ್ಲೇ ವಿದ್ಯುತ್ ಬಾಯ್ಲರುಗಳನ್ನೂ ಕೂರಿಸುತ್ತಿದ್ದಾರೆ.